ಸೋರಾಪಾಟದ ನೂರೆಂಬತ್ತು ಒಲೆಗಳು

ಎಂಟು ಸಿಪಾಯಿಗಳಿಗೆ ಒಂದು ಒಲೆ. ಆಂಡೀಸ್ ಬೆಟ್ಟಗಳ ನಡುವಿನ ಆ ಎತ್ತರದ ಬಯಲಿನಲ್ಲಿ ದಂಡುಗಳು ಓಡಾಡಲು ಶುರುವಾದಾಗಿನಿಂದ ಇದ್ದ ಲೆಕ್ಕ ಅದು. ಒಲೆ ಹಚ್ಚುವವರು ಹೆಂಗಸರು: ಸಿಪಾಯಿಗಳ ಹೆಂಡಿರು, ತಾಯಂದಿರು, ಅಕ್ಕಂದಿರು. ಅವರನ್ನು ರಬೋನಾಗಳು ಎಂದು ಕರೆಯುತ್ತಿದ್ದರು. ಬೆಳಗಿನ ಕಹಳೆ ಊದುವ ಮೊದಲೇ ಅವರು ಬೆನ್ನಿಗೆ ಮಡಕೆ, ಮಡಕೆಯ ಮೇಲೆ ಮಗು, ಮಗುವಿನ ಮೇಲೆ ಕಂಬಳಿ ಬಿಗಿದುಕೊಂಡು ಹೊರಟುಬಿಡುತ್ತಿದ್ದರು. ಗಂಡಸರಿಗಿಂತ ಅರ್ಧ ದಿನ ಮುಂದೆ. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಕುದಿಯುವ ನೀರಿಗೆ ಕಾವು ಸಾಲದು. ಹಿಮದಲ್ಲಿ ಒಣಗಿಸಿದ ಆಲೂಗಡ್ಡೆ ಬೇಯಲು ಮೂರು ಗಂಟೆ ಬೇಕು. ದಂಡು ಬಂದು ತಲುಪಿದ ಮೇಲೆ ಒಲೆ ಹಚ್ಚಿದರೆ ಗಂಡಸರು ಹಸಿದುಕೊಂಡೇ ಮಲಗಬೇಕಾಗುತ್ತಿತ್ತು.

ಹೀಗಾಗಿ ಬೆಟ್ಟದ ಮೇಲೆ ನಿಂತ ಯಾರೇ ಆದರೂ ಸಂಜೆ ಹೊಗೆಯ ಎಳೆಗಳನ್ನು ಎಣಿಸಿ, ಎಂಟರಿಂದ ಗುಣಿಸಿ, ಎದುರಾಳಿಯ ಬಲ ಎಷ್ಟೆಂದು ಹೇಳಬಹುದಿತ್ತು. ಎರಡೂ ಕಡೆಯವರು ಎಣಿಸುತ್ತಿದ್ದರು, ಎರಡೂ ಕಡೆಯವರು ನಂಬುತ್ತಿದ್ದರು. ತಾನು ಹೋಗದ ಜಾಗಕ್ಕೆ ಹೆಂಗಸರನ್ನು ಕಳಿಸುವ ದಳಪತಿ ಅದುವರೆಗೆ ಹುಟ್ಟಿರಲಿಲ್ಲ. ಕಳಿಸಿದರೆ ಆ ಸಂಜೆ ಅವನ ದಂಡಿಗೆ ಊಟವಿಲ್ಲ. ಹಸಿದ ದಂಡು ಮರುದಿನ ಯಾರ ಮಾತನ್ನೂ ಕೇಳುವುದಿಲ್ಲ.

ಜನರಲ್ ಆನ್ಸೆಲ್ಮೊ ಉರಿಯೋಸ್ತೆಯ ದಂಡಿನಲ್ಲಿ ಮೊದಲ ಒಲೆ ಹಚ್ಚುವವಳು ಮೆಲ್ಚೋರಾ. ಮೂವತ್ತು ವರ್ಷದಿಂದ ದಂಡಿನ ಹಿಂದೆ, ಸರಿಯಾಗಿ ಹೇಳಬೇಕೆಂದರೆ ದಂಡಿನ ಮುಂದೆ, ನಡೆದವಳು. ಗಂಡ ಯಾವುದೋ ಹಳೆಯ ಯುದ್ಧದಲ್ಲಿ ಸತ್ತಿದ್ದ. ಮಗ ನಿಕಾನೋರ್ ಎರಡನೆಯ ಪಟಾಲಮಿನಲ್ಲಿ ಸಿಪಾಯಿ. ಸೊಸೆ ಇಸಿದೋರಾ ಎರಡು ವರ್ಷದಿಂದ ಅವಳ ಜೊತೆ ಮಡಕೆ ಹೊರುತ್ತಿದ್ದಳು. ಉರಿಯೋಸ್ತೆಯನ್ನು ಮೆಲ್ಚೋರಾ ಕಂಡಿದ್ದು ಅವನು ಹರಿದ ಬೂಟಿನ ಕಿರಿಯ ಅಧಿಕಾರಿಯಾಗಿದ್ದಾಗ. ಹೇಸರಗತ್ತೆ ಹೊಡೆಯುವವನ ಮಗ. ಜ್ವರದಲ್ಲಿ ಮೂರು ವಾರ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ ಅವನ ಬಾಯಿಗೆ ಕಡಲೆಕಾಯಿ ಸಾರು ಬಿಟ್ಟು ಬದುಕಿಸಿದ್ದಳು. ಅಂದಿನಿಂದ ಅವಳನ್ನು ಅವನು ಅವ್ವ ಎನ್ನುತ್ತಿದ್ದ. ಕ್ಯಾಪ್ಟನ್ ಆದ, ಕರ್ನಲ್ ಆದ, ದಕ್ಷಿಣದ ಪ್ರಾಂತ್ಯಕ್ಕೆ ಅಧಿಕಾರಿಯಾದ, ಆಗಲೂ ಅವ್ವ ಎಂದೇ ಕರೆದ. ಆ ವರ್ಷದ ಏಪ್ರಿಲ್‌ನಲ್ಲಿ ಅಧಿಕಾರಿಗಳೆಲ್ಲ ಸೇರಿ, ರಾಜಧಾನಿಯಲ್ಲಿರುವ ಅಧ್ಯಕ್ಷ ಸಂವಿಧಾನ ಮುರಿದಿದ್ದಾನೆ, ಇನ್ನು ಮುಂದೆ ಉರಿಯೋಸ್ತೆಯೇ ನಮ್ಮ ನಾಯಕ ಎಂದು ಒಂದು ಕಾಗದಕ್ಕೆ ರುಜು ಹಾಕಿದರು. ಅಂಥ ಕಾಗದ ಓದುವುದನ್ನು ಮೆಲ್ಚೋರಾ ತನ್ನ ಆಯುಷ್ಯದಲ್ಲಿ ಹನ್ನೊಂದು ಸಲ ಕೇಳಿದ್ದಳು. ಪ್ರತಿ ಸಲವೂ ಅವಳಿಗೆ ಅದರಿಂದ ತಿಳಿಯುತ್ತಿದ್ದ ಸಂಗತಿ ಒಂದೇ: ನಾಳೆಯಿಂದ ನಡೆಯಬೇಕು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಜನರಲ್ ತಾನೇ ಅವಳ ಹತ್ತಿರ ಬಂದ.

"ಅವ್ವ, ಇವತ್ತು ಸೋರಾಪಾಟ."

"ಅಲ್ಲಿ ನೀರು ಕಮ್ಮಿ, ದಣಿ. ತಿಂಗಾ ಕಣಿವೆ ಕೆಳಗೆ ಒಳ್ಳೆ ಹಳ್ಳ ಇದೆ."

"ಇದ್ದಷ್ಟು ನೀರು ಸಾಕು. ನೂರೆಂಬತ್ತು ಒಲೆ ಹಚ್ಚಿಸು."

ದಂಡಿನಲ್ಲಿದ್ದವರು ಒಂಬೈನೂರು. ನೂರಹದಿಮೂರು ಒಲೆ ಸಾಕು. ಮೆಲ್ಚೋರಾ ಮನಸ್ಸಿನಲ್ಲೇ ಕಳೆದು ನೋಡಿದಳು. "ಯಾರಿಗೆ ಇಷ್ಟೊಂದು? ಸತ್ತೋರೂ ಎದ್ದು ಊಟಕ್ಕೆ ಬರ್ತಾರಾ?"

ಅವನು ನಕ್ಕ. "ದಕ್ಷಿಣದಿಂದ ಇನ್ನೊಂದು ಪಟಾಲಮ್ಮು ಬಂದು ಸೇರುತ್ತೆ. ಹಸ್ಕೊಂಡು ಬರ್ತಾರೆ ಪಾಪ. ಹೊತ್ತು ಮುಳುಗೋದ್ರೊಳಗೆ ನಾವೂ ಅಲ್ಲಿರ್ತೀವಿ."

"ಮಾತು?"

"ಮಾತು ಅವ್ವ," ಎಂದು ಟೋಪಿ ಮುಟ್ಟಿಕೊಂಡ.

ಇಸಿದೋರಾಳ ಬಲಗಾಲು ಹಿಂದಿನ ದಿನ ಉಳುಕಿತ್ತು. ಸಾಮಾನಿನ ಹೇಸರಗತ್ತೆಯ ಮೇಲೆ ಹಿಂದಿನಿಂದ ಬರಲಿ ಎಂದು ಸರಂಜಾಮಿನ ಸಾರ್ಜೆಂಟ್ ಹೇಳಿದ್ದ. ಒಲೆ ಲೆಕ್ಕಕ್ಕಿಂತ ಹೆಚ್ಚು, ಕೈ ಕಡಿಮೆ. ಮೆಲ್ಚೋರಾ ಸೊಸೆಯ ಪಾದಕ್ಕೆ ಬಟ್ಟೆ ಬಿಗಿದು, "ನಿಧಾನಕ್ಕೆ ಬಾ ಮಗಾ. ಅಲ್ಲಿ ಕೂತ್ಕೊಂಡೇ ಊದುವಂತೆ," ಎಂದಳು. ಹೊರಡುವಾಗ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು: ಎರಡನೆಯ ಪಟಾಲಮಿನವರು ಸಾಲಾಗಿ ನಿಂತು ತಲಾ ಎರಡು ಮುಷ್ಟಿ ಹುರಿದ ಜೋಳ ಈಸಿಕೊಳ್ಳುತ್ತಿದ್ದರು. ಕಂಡಿತು, ಅಷ್ಟೆ. ಅದರ ಬಗ್ಗೆ ಅವಳು ಏನನ್ನೂ ಯೋಚಿಸಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಇನ್ನೂರಹತ್ತು ಹೆಂಗಸರು ಸೋರಾಪಾಟ ಬಯಲಿನಲ್ಲಿದ್ದರು. ಪಶ್ಚಿಮದ ದಿಬ್ಬದ ಮೇಲೆ ಸರ್ಕಾರದ ದಂಡು ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದು ಹೆದರುವ ವಿಷಯವಾಗಿರಲಿಲ್ಲ. ಸಿಪಾಯಿಗಳು ಬರುವ ತನಕ ಹೆಂಗಸರ ತಂಟೆಗೆ ಯಾರೂ ಬರುವುದಿಲ್ಲ. ದಿಬ್ಬದ ಆಚೆ ಅವರ ಹೆಂಗಸರೂ ಒಲೆ ಹಚ್ಚುತ್ತಿರುತ್ತಾರೆ. ಮೆಲ್ಚೋರಾ ಮೊದಲ ಒಲೆ ಹಚ್ಚಿದಳು. ಒಂದರಿಂದ ಇನ್ನೊಂದಕ್ಕೆ ಕೆಂಡ ದಾಟಿತು. ನಾಲ್ಕು ಗಂಟೆಗೆ ನೂರೆಂಬತ್ತು.

ಐದಕ್ಕೆ ಗಾಳಿ ನಿಂತಿತು. ಹೊಗೆ ನೆಟ್ಟಗೆ ಎದ್ದು, ಒಂದೊಂದು ಎಳೆಯೂ ಬೇರೆಬೇರೆಯಾಗಿ ನಿಂತಿತು. ಗಂಡಸರು ಬರಲಿಲ್ಲ.

ಪಕ್ಕದ ಒಲೆಯ ರೂಫಿನಾ ಸೌಟು ಎತ್ತಿ ಸಾರು ಸುರಿದು ತೋರಿಸಿದಳು. ಅವಳ ಬಾಯಿಗೆ ಇಡೀ ದಂಡು ಹೆದರುತ್ತಿತ್ತು. "ನೋಡಕ್ಕ, ಗೊಜ್ಜಾಗ್ತಿದೆ. ಗಂಡಸ್ರಿಗೆ ದಾರೀಲಿ ಬೇರೆ ಹೆಂಡ್ತೀರು ಸಿಕ್ಕಿದ್ರೇನೋ."

"ನಿನ್ ಗಂಡಂಗೆ ಯಾರೇ ಸಿಗ್ತಾರೆ?"

"ಅದೂ ನಿಜಾನೇ. ಅವನ ಮೂತಿಗೆ ನಾನೇ ಹೆಚ್ಚು."

ಸುತ್ತಲಿನವರು ನಕ್ಕರು. ಇಸಿದೋರಾ ಕಾಲು ಚಾಚಿಕೊಂಡು ಕೂತು ಊದುಗೊಳವೆ ಹಿಡಿದಿದ್ದಳು. ಹೊಗೆಗೆ ಕಣ್ಣಲ್ಲಿ ನೀರು. "ಅತ್ತೆ, ಬೆಂಕಿ ಆರಿಸೋಣ್ವಾ? ಉರಿಸೋಕೆ ತಂದ ಒಣ ಹಿಕ್ಕೆ ಮುಗೀತಾ ಬಂತು," ಎಂದಳು.

ಗಂಡಸರು ಉಣ್ಣುವ ಮೊದಲು ಒಲೆ ಆರಿಸುವುದು ರೂಢಿಯಲ್ಲಿರಲಿಲ್ಲ. ಆರಿದ ಒಲೆ ಎಂದರೆ ಆ ಎಂಟು ಜನರಲ್ಲಿ ಯಾರೋ ಬರುವುದಿಲ್ಲ ಎಂದು ಅರ್ಥ. "ಥೂ, ಬಿಡ್ತು ಅನ್ನು. ಇನ್ನೆರಡು ಮುಷ್ಟಿ ಹಾಕು," ಎಂದಳು ಮೆಲ್ಚೋರಾ. ಇಸಿದೋರಾ ಹಾಕಿದಳು.

ಸೂರ್ಯ ದಿಬ್ಬದ ಹಿಂದೆ ಇಳಿಯುತ್ತಿದ್ದಾಗ ಅಲ್ಲಿ ಬೆಳಕು ಮಿಂಚಿತು. ಎಣಿಸಿದರೆ ಐದು, ಆಮೇಲೆ ಸದ್ದು. ಮೊದಲ ಗುಂಡು ಹಳ್ಳದ ಆಚೆ ಬಿತ್ತು. ಎರಡನೆಯದು ಒಲೆಗಳ ಸಾಲಿನ ಮೇಲೆ. ಹದಿನಾಲ್ಕು ನೂರಕ್ಕೂ ಹೆಚ್ಚು ಸಿಪಾಯಿಗಳು ದಣಿದು ಬಂದು ಊಟಕ್ಕೆ ಕೂತಿದ್ದಾರೆ ಎಂದು ದಿಬ್ಬದ ಮೇಲಿನವರು ಲೆಕ್ಕ ಹಾಕಿದ್ದರು, ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಲ್ಕು ಫಿರಂಗಿಗಳು ಸುಮಾರು ಅರ್ಧ ಗಂಟೆ ಹೊಡೆದವು. ಆಮೇಲೆ ಕಾಲಾಳುಗಳು ಬಂದೂಕಿನ ಮೊನೆಗೆ ಕತ್ತಿ ಸಿಕ್ಕಿಸಿಕೊಂಡು ಓಡಿ ಇಳಿದರು, ಹೊಗೆಯೊಳಗೆ ನುಗ್ಗಿದರು, ನಿಂತರು. ಅವರಲ್ಲೊಬ್ಬ, ನಡುವಯಸ್ಸಿನವನು, ಮಡಕೆ ಚೂರುಗಳ ನಡುವೆ ನಿಂತು ಮೆಲ್ಚೋರಾಳನ್ನು ಕೇಳಿದ: "ಗಂಡಸ್ರೆಲ್ಲಿ, ತಾಯಿ?"

ಅವಳು ಇಸಿದೋರಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಊದುಗೊಳವೆ ಇನ್ನೂ ಸೊಸೆಯ ಕೈಯಲ್ಲೇ ಇತ್ತು. "ನೀನೇ ಹೇಳಪ್ಪ," ಎಂದಳು. ನಿಜವಾಗಿಯೂ ಕೇಳಿದ್ದಳು. ಅವಳಿಗೂ ಗೊತ್ತಿರಲಿಲ್ಲ.

ಉತ್ತರ ಬಂದಿದ್ದು ದಿಬ್ಬದ ಮೇಲಿಂದ, ಬಂದೂಕಿನ ಸದ್ದಾಗಿ. ಉರಿಯೋಸ್ತೆಯ ಒಂಬೈನೂರು ಜನ ಬೆಳಿಗ್ಗೆಯಿಂದ ತಿಂಗಾ ಕಣಿವೆ ಬಳಸಿ ಹತ್ತಿ, ಬಹುಪಾಲು ಖಾಲಿಯಾಗಿದ್ದ ದಿಬ್ಬವನ್ನು ಹಿಂದಿನಿಂದ ಹಿಡಿದಿದ್ದರು. ಕತ್ತಲಾಗುವ ಮೊದಲೇ ನಾಲ್ಕು ಫಿರಂಗಿಗಳೂ ಅವರ ಕೈಯಲ್ಲಿದ್ದವು. ಗೆದ್ದವರ ಕಡೆ ಸತ್ತ ಗಂಡಸರು ಹನ್ನೊಂದು. ಬಯಲಿನಲ್ಲಿ ಸತ್ತ ಹೆಂಗಸರು, ಮಕ್ಕಳು ಅರವತ್ತಮೂರು.

ಒಂಬತ್ತು ದಿನದ ಮೇಲೆ ಉರಿಯೋಸ್ತೆ ರಾಜಧಾನಿ ಹೊಕ್ಕ. ಹಳೆಯ ಅಧ್ಯಕ್ಷ ಗಡಿ ದಾಟಿ ಓಡಿಹೋಗಿದ್ದ. ಆದರೂ ಆ ಊರಿನ ದೊಡ್ಡ ಮನುಷ್ಯರಿಗೆ ಹೇಸರಗತ್ತೆಯವನ ಮಗನನ್ನು ತಲೆಯ ಮೇಲೆ ಕೂರಿಸಿಕೊಳ್ಳಲು ಒಂದು ಕಾರಣ ಬೇಕಿತ್ತು. ಆ ಕಾರಣವನ್ನು ಸೋರಾಪಾಟದಿಂದ ತಂದಿದ್ದರು. ಮುಂದೆ ಕಪ್ಪು ಬಟ್ಟೆ ಹೊದಿಸಿದ ಹನ್ನೆರಡು ಗಾಡಿಗಳು, ಅವುಗಳಲ್ಲಿ ಹೆಂಗಸರ ಹೆಣಗಳು. ಹಿಂದೆ ಕುದುರೆ ಬಿಟ್ಟು ಕಾಲ್ನಡಿಗೆಯಲ್ಲಿ, ಬರಿದಲೆಯಲ್ಲಿ ಜನರಲ್. ಅವನ ಕಾರ್ಯದರ್ಶಿ ವಕೀಲ ಸೆಬಾಯೋಸ್ ಚೌಕದ ಮೆಟ್ಟಿಲ ಮೇಲೆ ನಿಂತು, "ತಾಯಂದಿರನ್ನು ಕೊಂದ ಸರ್ಕಾರ"ದ ಬಗ್ಗೆ ಒಂದೂಕಾಲು ಗಂಟೆ ಮಾತಾಡಿದ. ಹಿಂದಿನ ತಿಂಗಳು ಉರಿಯೋಸ್ತೆಯ ಹೆಸರು ಸರಿಯಾಗಿ ಗೊತ್ತಿಲ್ಲದಿದ್ದವರೂ ಅತ್ತರು. ದಿಬ್ಬದ ಮೇಲಿದ್ದ ಸೋತ ದಳಪತಿಯನ್ನು ಮರುದಿನ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು. ಒಲೆಗಳನ್ನು ಎಣಿಸಿದ್ದೆ, ಒಲೆಗಳನ್ನು ಎಣಿಸಿದ್ದೆ ಎಂದು ಅವನು ಕೊನೆಯವರೆಗೂ ಹೇಳುತ್ತಿದ್ದನಂತೆ. ಭಾನುವಾರ ಸಭೆ ಸೇರಿ ಉರಿಯೋಸ್ತೆಗೆ ಸರ್ವಾಧಿಕಾರ ಕೊಡುವುದು ಎಂದು ನಿಗದಿಯಾಯಿತು.

ಸಿಪಾಯಿಗಳ ಸಾಲುಗಳಲ್ಲಿ ಮಾತ್ರ ಬೇರೆ ಮಾತು ಎದ್ದಿತ್ತು. ಎತ್ತಿದವನು ನಿಕಾನೋರ್. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಎಲ್ಲರೆದುರು ಗಟ್ಟಿಯಾಗಿ ಕೇಳಿದ್ದ: "ಬೆಳಿಗ್ಗೇನೇ ನಮಗೆ ಹುರಿದ ಜೋಳ ಹಂಚಿದ್ರು. ಸಂಜೆ ಸಾರು ಇದೆ ಅಂದ್ಮೇಲೆ ಜೋಳ ಯಾಕ್ರಪ್ಪಾ ಹಂಚ್ತಾರೆ?"

ಆ ಪ್ರಶ್ನೆ ಎರಡು ದಿನದಲ್ಲಿ ಮೂರೂ ಪಟಾಲಮಿಗೆ ಹಬ್ಬಿತು. ಮೂರನೆಯ ದಿನ ನಿಕಾನೋರನನ್ನು ಹಿಡಿದು ಒಳಗೆ ಹಾಕಿದರು. ದಂಗೆಗೆ ಪ್ರಚೋದನೆ. ಸೋಮವಾರ ಗುಂಡು.

ಉಳಿದ ಹೆಂಗಸರು ಒಂದು ಮಠದ ಹಿತ್ತಲಿನಲ್ಲಿ ಇಳಿದುಕೊಂಡಿದ್ದರು. ಶುಕ್ರವಾರ ಬೆಳಿಗ್ಗೆ ವಕೀಲ ಸೆಬಾಯೋಸ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಅಲ್ಲಿಗೆ ಬಂದ. ಜನರಲ್ ಸಾಹೇಬರು ನೆನೆಸಿಕೊಂಡಿದ್ದಾರೆ, ಕಡಲೆಕಾಯಿ ಸಾರು ತರಬೇಕಂತೆ ಎಂದ.

ಅರಮನೆಯಂಥ ಆ ಕಟ್ಟಡದ ಮಹಡಿಯ ಕೋಣೆಯಲ್ಲಿ ಉರಿಯೋಸ್ತೆ ಒಬ್ಬನೇ ಇದ್ದ. ಕೆಳಗೆ ಅಂಗಳದಲ್ಲಿ ವಾದ್ಯದವರು ಭಾನುವಾರದ ಮೆರವಣಿಗೆಗೆ ತಾಲೀಮು ಮಾಡುತ್ತಿದ್ದರು. ಒಂದೇ ಸಾಲನ್ನು ತಪ್ಪಿ ತಪ್ಪಿ ಮತ್ತೆ ಊದುತ್ತಿದ್ದರು.

"ಕೂತ್ಕೋ ಅವ್ವ."

ಕುರ್ಚಿ ಬಿಟ್ಟು ಅವಳು ಜಮಖಾನೆಯ ಅಂಚಿಗೆ ನೆಲದ ಮೇಲೆ ಕೂತಳು. ಮಡಕೆ ಮುಂದಿಟ್ಟಳು. ಬಡಿಸಲಿಲ್ಲ.

"ನನ್ ಮಗ ಎಲ್ಲಿ?"

"ಚೆನ್ನಾಗಿದ್ದಾನೆ. ಹೊಡೆದಿಲ್ಲ, ಬಡಿದಿಲ್ಲ."

"ಸೋಮವಾರ ಗುಂಡು ಹಾಕ್ತಾರಂತೆ."

"ಅದು ನಿನ್ ಕೈಲಿದೆ." ಅವನೇ ಮಡಕೆಯ ಮುಚ್ಚಳ ತೆಗೆದು, ಬಟ್ಟಲಿಗೆ ಬಡಿಸಿಕೊಂಡು, ನಿಂತೇ ಎರಡು ಗುಟುಕು ಕುಡಿದ.

"ನಂಗೆ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ." ಅವನು ಕಣ್ಣು ತಪ್ಪಿಸಲಿಲ್ಲ. ಮೆಲ್ಚೋರಾಗೆ ಹೆದರಿಕೆಯಾಗಿದ್ದು ಆಗಲೇ. "ನಮ್ಮೋರು ಒಂಬೈನೂರು. ಅವರು ಸಾವಿರದಾರುನೂರು, ಮೇಲೆ ನಾಕು ಫಿರಂಗಿ. ನೆಟ್ಟಗೆ ಹತ್ತಿದ್ರೆ ಐನೂರು ಹೆಣ ಬೀಳ್ತಿತ್ತು, ಅದ್ರಲ್ಲಿ ನಿನ್ ಮಗಂದೂ ಒಂದು. ಅರವತ್ತಮೂರು ಕೊಟ್ಟು ಐನೂರು ಉಳಿಸ್ದೆ. ನೀನು ಲೆಕ್ಕ ಬಲ್ಲೋಳು. ಎಲ್ಲಿ ತಪ್ಪಿದೆ ತೋರ್ಸು."

"ನನ್ನ ಒಂದ್ಮಾತು ಕೇಳ್ಬೋದಿತ್ತು."

"ಕೇಳಿದ್ರೆ ಹೋಗ್ತಿದ್ಯಾ?"

ಅವಳು ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೋಗ್ತಿದ್ದೆ. ನಾವು ಮುದುಕೀರು ಒಂದಷ್ಟು ಜನ ಹೋಗಿ ಅಷ್ಟೂ ಒಲೆ ಹಚ್ಚಿ ಓಡಿ ಬರ್ತಿದ್ವಿ. ಮಕ್ಕಳನ್ನ ಬಿಟ್ಟು ಹೋಗ್ತಿದ್ವಿ. ಇಸಿದೋರಾನ ಬಿಟ್ಟು ಹೋಗ್ತಿದ್ದೆ."

"ಮಕ್ಕಳಿಲ್ದೆ ಹೊರಟಿದ್ರೆ ದಿಬ್ಬದ ಮೇಲಿನೋರು ನಂಬ್ತಿದ್ರಾ ಅವ್ವ?"

ಕೆಳಗೆ ವಾದ್ಯದವರು ಆ ಸಾಲನ್ನು ಮೊದಲ ಸಲ ಸರಿಯಾಗಿ ಊದಿದರು. ಅವನು ಕಿಟಕಿಯ ಕಡೆ ತಿರುಗಿ ಮೆಚ್ಚಿದವನಂತೆ ತಲೆಯಾಡಿಸಿದ. ಆಮೇಲೆ, ಸಂತೆಯ ಸಾಮಾನು ಹೇಳುವ ದನಿಯಲ್ಲಿ, ಅವಳು ಏನು ಹೇಳಬೇಕೆಂದು ಹೇಳಿದ. ಭಾನುವಾರ ಚೌಕದಲ್ಲಿ ಮೂರೂ ಪಟಾಲಮಿನ ಮುಂದೆ. ಜನರಲ್ ಹೇಳಿದ್ದು ತಿಂಗಾ ಕಣಿವೆಯ ಹಳ್ಳ. ಅವಳು ತಪ್ಪು ತಿಳಿದು ಸೋರಾಪಾಟಕ್ಕೆ ಹೋದಳು. ಜೋಳ ಹಂಚಿದ್ದು ಕಣಿವೆ ಹತ್ತುವುದು ತಡವಾಗುತ್ತದೆಂದು.

"ನೂರೆಂಬತ್ತು ಒಲೆ?"

"ಅದನ್ನ ಯಾರೂ ಕೇಳಲ್ಲ. ಒಲೆ ಎಷ್ಟು ಅಂತ ಹೆಂಗಸ್ರಿಗೆ ಮಾತ್ರ ಗೊತ್ತು. ಹೆಂಗಸ್ರನ್ನ ಯಾರು ಕೇಳ್ತಾರೆ?"

"ನಾನು ಹೇಳ್ದಿದ್ರೆ?"

ಅವನು ಬಟ್ಟಲು ಕೆಳಗಿಟ್ಟ. "ನಿನ್ ಸಾರು ಹಾಗೇ ಇದೆ ಅವ್ವ. ಒಂಚೂರೂ ಬದಲಾಗಿಲ್ಲ," ಎಂದ.

ಭಾನುವಾರ ಬಿಸಿಲು ಚುರುಕಾಗಿತ್ತು. ಚೌಕದ ಮೂರು ಬದಿಗೂ ಸಿಪಾಯಿಗಳು. ಎರಡನೆಯ ಪಟಾಲಮಿನ ಮುಂದೆ, ಕೈಗೆ ಹಗ್ಗ ಬಿಗಿದು, ನಿಕಾನೋರನನ್ನು ನಿಲ್ಲಿಸಿದ್ದರು. ಮೆಲ್ಚೋರಾ ಮೆಟ್ಟಿಲು ಹತ್ತಿ ನಿಂತು ತಮ್ಮ ಬೆಟ್ಟದ ಭಾಷೆಯಲ್ಲೇ ಮಾತಾಡಿದಳು. ವಕೀಲ ಸೆಬಾಯೋಸನಿಗೆ ಅದರಲ್ಲಿ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಊರಿನ ದೊಡ್ಡ ಮನುಷ್ಯರಿಗೂ ಇಲ್ಲ. ಆ ಒಂದು ಕ್ಷಣ ಅವಳಿಗೆ ಅನ್ನಿಸಿತು, ಈಗ ಏನು ಬೇಕಾದರೂ ಹೇಳಬಹುದು, ಮೂರೂ ಪಟಾಲಮು ಕೇಳುತ್ತವೆ. ಮೇಲೆ ಕುರ್ಚಿಯಲ್ಲಿ ಕೂತಿದ್ದ ಉರಿಯೋಸ್ತೆಗೆ ಮಾತ್ರ ಆ ಭಾಷೆ ಬರುತ್ತಿತ್ತು, ಅದು ಅವನ ತಾಯಿಯದು. ಅವನು ಮುಂದಕ್ಕೆ ಬಾಗಿ ಕೇಳುತ್ತಿದ್ದ. ನಿಕಾನೋರನ ಹಗ್ಗ ಹಿಡಿದವನು ಉರಿಯೋಸ್ತೆಯ ಮುಖವನ್ನೇ ನೋಡುತ್ತಿದ್ದ.

"ಜನರಲ್ರು ನಂಗೆ ತಿಂಗಾ ಅಂದಿದ್ರು," ಎಂದಳು ಮೆಲ್ಚೋರಾ. "ನಾನು ಸೋರಾಪಾಟಕ್ಕೆ ಕರ್ಕೊಂಡ್ಹೋದೆ. ತಪ್ಪು ನಂದು. ನಿಮಗೆ ಜೋಳ ಕೊಟ್ಟಿದ್ದು ಕಣಿವೆ ಹತ್ತೋದು ತಡ ಆಗುತ್ತೆ ಅಂತ."

ಸಿಪಾಯಿಗಳು ನಂಬಲಿಲ್ಲ ಎಂದು ಅವಳಿಗೆ ತಿಳಿಯಿತು. ನಿಕಾನೋರ್ ತಲೆ ಅಲ್ಲಾಡಿಸುತ್ತಿದ್ದ. ಆಗ ಅವಳು ಯಾರೂ ಹೇಳಿಕೊಡದ ಮಾತು ಹೇಳಿದಳು.

"ಇಸಿದೋರಾ ಕಾಲು ಉಳುಕಿತ್ತು. ಹೇಸರಗತ್ತೆ ಮೇಲೆ ಹಿಂದಿನಿಂದ ಬರ್ಲಿ ಅಂತ ಸಾರ್ಜೆಂಟ್ರು ಹೇಳಿದ್ರು. ನಾನೇ ಬಾ ಮಗಾ ಅಂತ ಕರ್ಕೊಂಡ್ಹೋದೆ. ಸಂಜೆ ಆ ಹುಡುಗಿ, ಅತ್ತೆ ಬೆಂಕಿ ಆರಿಸೋಣ್ವಾ ಅಂತು. ಬೇಡ, ಇನ್ನೆರಡು ಮುಷ್ಟಿ ಹಾಕು ಅಂದೆ. ಹಾಕ್ತು."

ಇದು ನಿಜವಾಗಿತ್ತು. ನಿಜದ ಪಕ್ಕದಲ್ಲಿ ಕೂತ ಸುಳ್ಳಿಗೂ ಅದೇ ಬಣ್ಣ ಹತ್ತಿತು. ಸಾಲಿನಲ್ಲಿ ಯಾರೋ ಬಿಕ್ಕಿದರು. ಸಾರ್ಜೆಂಟ್ ಹೌದೆಂದು ತಲೆಯಾಡಿಸಿದ. ನಿಕಾನೋರನ ತಲೆ ಅಲ್ಲಾಡುವುದು ನಿಂತಿತು.

ಮಧ್ಯಾಹ್ನ ಸಭೆ ಕೈಯೆತ್ತಿ ಒಪ್ಪಿತು. ಗಂಟೆಗಳು ಮೊಳಗಿದವು. ಹೆಗಲಿನಿಂದ ಸೊಂಟಕ್ಕೆ ಮೂರು ಬಣ್ಣದ ಪಟ್ಟಿ ಹಾಕಿಕೊಂಡು ಆನ್ಸೆಲ್ಮೊ ಉರಿಯೋಸ್ತೆ ಗಣರಾಜ್ಯದ ಅಧ್ಯಕ್ಷನಾಗಿ ಮಹಡಿಯ ಮೇಲೆ ಕಾಣಿಸಿಕೊಂಡ. ಅವನ ಮೊದಲ ಆಜ್ಞೆ ಸಿಪಾಯಿ ನಿಕಾನೋರನಿಗೆ ಕ್ಷಮೆ. ಜನ ಇನ್ನೂ ಜೋರಾಗಿ ಕೂಗಿದರು.

ಬಿಡುಗಡೆಯಾದ ಮಗ ಮಠದ ಹಿತ್ತಲಿಗೆ ಬಂದ. ಮೆಲ್ಚೋರಾ ಬಟ್ಟಲು ತುಂಬಿ ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಅವನು ತೆಗೆದುಕೊಳ್ಳಲಿಲ್ಲ.

"ಗುಂಡು ಹಾಕಿದ್ರೆ ಚೆನ್ನಾಗಿತ್ತು," ಎಂದ. "ಇನ್ಮೇಲೆ ನಿನ್ ಮಡಕೇದು ನಂಗೆ ಬೇಡ."

"ನಿಕಾ..."

"ಕಾಲು ಉಳುಕಿರೋ ಹುಡುಗೀನ, ಅವ್ವ."

ಅಷ್ಟು ಹೇಳಿ ಹೋದ. ಪಕ್ಕದಲ್ಲಿ ಕೂತಿದ್ದ ರೂಫಿನಾ ಸೋರಾಪಾಟದಲ್ಲಿ ಎಡಗೈಯ ಮೂರು ಬೆರಳು ಕಳೆದುಕೊಂಡಿದ್ದಳು. ಅವಳು ಸುತ್ತಿದ ಬಟ್ಟೆಯನ್ನು ಹಲ್ಲಿನಿಂದ ಬಿಗಿಯುತ್ತಾ ಕೇಳಿದಳು: "ಅಕ್ಕ, ನೂರೆಂಬತ್ತು ಹಚ್ರೇ ಅಂತ ನಮಗೆ ನೀನು ಹೇಳ್ದೆ. ನಿಂಗೆ ಹೇಳಿದ್ಯಾರು?"

ಮೆಲ್ಚೋರಾ ಬಟ್ಟಲಿನ ಸಾರನ್ನು ಮಡಕೆಗೆ ವಾಪಸು ಸುರಿದಳು. ನಿಕಾನೋರ್ ಉಸಿರಾಡುತ್ತಿದ್ದುದು ಆ ಉತ್ತರ ಅವಳ ಬಾಯೊಳಗೆ ಇರುವ ತನಕ ಮಾತ್ರ.

ನವೆಂಬರ್‌ನಲ್ಲಿ ದಕ್ಷಿಣದ ಒಬ್ಬ ಕರ್ನಲ್ ಇನ್ನೊಂದು ಕಾಗದಕ್ಕೆ ರುಜು ಹಾಕಿಸಿದ. ಹೊಸ ಅಧ್ಯಕ್ಷ ಸಂವಿಧಾನ ಮುರಿದಿದ್ದಾನೆ ಎಂದು ಅದರಲ್ಲಿ ಬರೆದಿತ್ತಂತೆ. ಅಧ್ಯಕ್ಷ ಉರಿಯೋಸ್ತೆ ತಾನೇ ದಂಡು ಹೊರಡಿಸಿದ. ಈಗ ಅವನ ಕೈಕೆಳಗೆ ಎರಡು ಸಾವಿರ ಜನ.

ಹೊರಡುವ ಬೆಳಿಗ್ಗೆ ಕಹಳೆಗೆ ಮೊದಲೇ ಹೆಂಗಸರು ಎಂದಿನಂತೆ ಗಂಟು ಬಿಗಿದು ಮೆಲ್ಚೋರಾಳ ಮುಖ ನೋಡಿದರು. ಅವಳು ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತು, ಚೀಲದಿಂದ ಕೋಕಾ ಎಲೆ ತೆಗೆದು ಒಂದೊಂದಾಗಿ ನಾರು ಬಿಡಿಸಿ ಬಾಯಿಗೆ ಹಾಕಿಕೊಳ್ಳತೊಡಗಿದಳು. ಕಹಳೆ ಊದಿತು. ಮೊದಲ ಪಟಾಲಮು ಅವರನ್ನು ದಾಟಿ ಹೋಯಿತು. ಸಿಪಾಯಿಗಳು ತಿರುಗಿ ತಿರುಗಿ ನೋಡಿದರು.

"ಏನಕ್ಕ, ಕಾಲು ನೋವಾ?" ಎಂದಳು ರೂಫಿನಾ.

"ಇಲ್ಲ. ಗಂಡಸ್ರು ಮುಂದೆ ಹೋಗ್ಲಿ."

"ಮೂವತ್ತು ವರ್ಷದಲ್ಲಿ ಯಾವತ್ತಾದ್ರೂ ನೀನು..." ರೂಫಿನಾಳ ಮಾತು ಅಲ್ಲೇ ನಿಂತಿತು. ಅವಳು ಮೆಲ್ಚೋರಾಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬೆನ್ನಿನ ಮಡಕೆ ಇಳಿಸಿ, ಪಕ್ಕದಲ್ಲಿ ಕೂತು, ಬೆರಳಿಲ್ಲದ ಕೈ ಚಾಚಿ ಎಲೆ ಕೇಳಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಕೊನೆಯ ಸಿಪಾಯಿಯ ಬೆನ್ನು ಕಂಡ ಮೇಲೆ ಎದ್ದು ನಡೆದರು.

ಸಂಜೆ ದಂಡು ತಂಗುವ ಜಾಗ ಮುಟ್ಟಿದಾಗ ಅಲ್ಲಿ ಬರೀ ಬಯಲಿತ್ತು. ಹುಲ್ಲು, ಉಪ್ಪಿನ ಬಿಳಿ ಪಟ್ಟೆಗಳು, ಗಾಳಿ. ಒಂದು ಎಳೆ ಹೊಗೆಯಿಲ್ಲ. ಎರಡು ಸಾವಿರ ಜನ ಬಂದೂಕು ಇಳಿಸಿ, ಕೈ ಉಜ್ಜಿಕೊಳ್ಳುತ್ತ, ಏನು ಮಾಡಬೇಕೆಂದು ತಿಳಿಯದೆ ನಿಂತರು. ಹೆಂಗಸರು ಹಿಂದಿನಿಂದ ಬಂದು ತಲುಪಿದಾಗ ಉರಿಯೋಸ್ತೆ ಕುದುರೆಯ ಮೇಲೆ ಎದುರಾದ. ಅವನ ಸುತ್ತ ಅಧಿಕಾರಿಗಳು. ಹತ್ತು ಹೆಜ್ಜೆ ಆಚೆ ಎರಡನೆಯ ಪಟಾಲಮು.

"ಅವ್ವ, ಒಲೆ ಎಲ್ಲಿ?"

"ಈಗ ಹಚ್ತೀವಿ, ದಣಿ. ಗಂಡಸ್ರನ್ನ ಕಣ್ಣಲ್ಲಿ ಕಂಡ್ಮೇಲೆ."

"ಯಾರು ಹೇಳಿದ್ದು ಹಾಗಂತ?"

ಮೆಲ್ಚೋರಾ ಮಡಕೆ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. ದನಿ ಏರಿಸಲಿಲ್ಲ. "ಯಾರೂ ಹೇಳಿಲ್ಲ. ನಾನು ದಾರಿ ತಪ್ಪಿಸೋ ಮುದುಕಿ ಅಲ್ವಾ, ದಣಿ? ಚೌಕದಲ್ಲಿ ಎಲ್ರ ಮುಂದೆ ಒಪ್ಕೊಂಡಿದೀನಿ. ನೀವು ಒಂದು ಹೇಳಿ ನಾನು ಇನ್ನೊಂದು ತಿಳ್ಕೊಂಡು ಮತ್ತೆ ಅರವತ್ತಮೂರು ಜನ ಸಾಯ್ಬಾರ್ದು. ಅದಕ್ಕೇ ಇನ್ಮೇಲೆ ನಾವು ಹಿಂದೇನೇ ಬರ್ತೀವಿ."

ಉರಿಯೋಸ್ತೆ ಅವಳನ್ನು ನೋಡಿದ. ಅವಳ ಹಿಂದೆ ನಿಂತ ಹೆಂಗಸರನ್ನು ನೋಡಿದ. ಅವರಲ್ಲಿ ಒಬ್ಬಳೂ ತಲೆ ತಗ್ಗಿಸಿರಲಿಲ್ಲ. ತಾನು ಹೇಳಿಕೊಟ್ಟ ಮಾತನ್ನೇ ಅವಳು ಹೇಳಿದ್ದಳು. ಅದಕ್ಕೆ ಶಿಕ್ಷೆ ಕೊಡುವಂತಿರಲಿಲ್ಲ. ಕುದುರೆ ತಿರುಗಿಸಿ ತನ್ನ ಡೇರೆಯ ಕಡೆ ಹೋದ. ಆ ರಾತ್ರಿ ಎರಡು ಸಾವಿರ ಜನ ಅರೆಬೆಂದ ಆಲೂಗಡ್ಡೆ ತಿಂದರು.

ಮೆಲ್ಚೋರಾ ಒಲೆ ಹಚ್ಚಿ ಊದುತ್ತಿದ್ದಾಗ ಎದುರಿಗೆ ಎರಡು ಕಾಲು ಕಂಡವು. ನಿಕಾನೋರ್. ಮೂರು ತಿಂಗಳಿನಿಂದ ಅವನು ಬೇರೆಯವರ ಒಲೆಯಲ್ಲಿ ಉಣ್ಣುತ್ತಿದ್ದ. ಈಗ ಕೈಯಲ್ಲಿ ಬಟ್ಟಲಿತ್ತು, ಆದರೆ ಅದನ್ನು ಚಾಚಿರಲಿಲ್ಲ. ಅವನು ಹೆಂಗಸರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದ, ತಡವಾಗಿ ಹೊತ್ತಿಕೊಳ್ಳುತ್ತಿದ್ದ ಒಲೆಗಳನ್ನು ನೋಡುತ್ತಿದ್ದ, ತುಟಿ ಅಲುಗುತ್ತಿತ್ತು. ಎಂಟಕ್ಕೆ ಒಂದು. ಸೋರಾಪಾಟದ ದಿನದ ಒಂಬೈನೂರಕ್ಕೆ ಎಷ್ಟು.

"ಅವತ್ತು ಎಷ್ಟು ಹಚ್ಚಿದ್ರಿ ಅವ್ವ?" ಎಂದ.

ಅವಳು ಊದುವುದು ನಿಲ್ಲಿಸಿದಳು.

"ಜೋಳ ಹಂಚಿದ್ರು," ಎಂದ ಅವನು. ತನಗೇ ಹೇಳಿಕೊಳ್ಳುವಂತೆ. "ನಾನು ಆವತ್ತೇ ಕೇಳಿದ್ದೆ."

ಅವನ ಕಣ್ಣು ನಿಧಾನವಾಗಿ ಅವಳ ಮುಖದಿಂದ ಸರಿದು, ಒಲೆಗಳ ಸಾಲು ದಾಟಿ, ದೀಪ ಹ‍ಚ್ಚಿದ್ದ ಅಧ್ಯಕ್ಷನ ಡೇರೆಯ ಮೇಲೆ ನಿಂತಿತು. ಬಂದೂಕು ಹೆಗಲಿನಲ್ಲಿತ್ತು. ಡೇರೆಯ ಬಾಗಿಲಲ್ಲಿ ನಾಲ್ವರು ಕಾವಲುಗಾರರು.

ಮೆಲ್ಚೋರಾ ಅವನ ತೋಳು ಹಿಡಿದು ಕೆಳಗೆ ಎಳೆದು ಕೂರಿಸಿದಳು. ಬೇಯದ ಆಲೂಗಡ್ಡೆಯನ್ನೇ ಬಟ್ಟಲಿಗೆ ತುಂಬಿದಳು. ಅವಸರಕ್ಕೆ ಸಾರು ಅವನ ಮೊಣಕಾಲಿನ ಮೇಲೆ ಚೆಲ್ಲಿತು.

"ತಿನ್ನು," ಎಂದಳು. "ಆ ಕಡೆ ನೋಡ್ಬೇಡ. ಮಗಾ, ಇಲ್ಲಿ ನೋಡು. ತಿನ್ನು."